ಹಟ ಮಗುವಿನದೋ, ಔಷಧದ್ದೋ?

ಕಳೆದ ಮಳೆಗಾಲದ ಒಂದು ಭಾನುವಾರ, ಪೂಜೆ ಮುಗಿದು ಜನರು ದೇವಾಲಯದಿಂದ ಹೊರಗೆ ಬರುತ್ತಿದ್ದಾಗ ಒಬ್ಬ ತಾಯಿ ತಮ್ಮ ಐದು ವರ್ಷದ ಮಗನ ಕೈ ಹಿಡಿದುಕೊಂಡು ನನ್ನ ಬಳಿಗೆ ಬಂದರು. "ಸಿಸ್ಟರ್, ಇವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ. ಮೂರು ವಾರದಿಂದ ಇವನು ನನ್ನ ಮಗನೇ ಅಲ್ಲವೇನೋ ಅನ್ನಿಸುತ್ತಿದೆ" ಎಂದು ಕಣ್ಣೀರು ತುಂಬಿಕೊಂಡು ಹೇಳಿದರು.

ವಿಷಯವೇನೆಂದು ವಿಚಾರಿಸಿದೆ. ಇರುವೆಗೂ ನೋವು ಮಾಡದಂತಿದ್ದ ಹುಡುಗ ಈಗ ಪುಟ್ಟ ತಂಗಿಯನ್ನು ಕಚ್ಚುತ್ತಾನೆ. ನಡುರಾತ್ರಿ ಎದ್ದು ಕುಳಿತು ಕಿರಿಚುತ್ತಾನೆ, ತಾಯಿಯ ಗುರುತೂ ಹತ್ತುವುದಿಲ್ಲ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ. ಶಾಲೆಯ ಟೀಚರ್ ಎರಡು ಸಲ ಹೇಳಿ ಕಳುಹಿಸಿದ್ದಾರೆ. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದದ್ದಾಗಿದೆ. (ನಮ್ಮ ಕ್ರೈಸ್ತ ಮನೆಗಳಲ್ಲೂ ಇದು ನಿಂತಿಲ್ಲ, ಒಪ್ಪಿಕೊಳ್ಳೋಣ.) ಅಪ್ಪ ಕೋಲು ಹಿಡಿದದ್ದೂ ಆಗಿದೆ. ಹುಡುಗನ ಮೀನಖಂಡದ ಮೇಲೆ ಅದರ ಗುರುತು ಇನ್ನೂ ಇತ್ತು.

ನಾನು ಪ್ರಾರ್ಥನೆ ಮಾಡಿದೆ. ಅದಾದ ಮೇಲೆ, ಹಲವು ವರ್ಷ ಮಕ್ಕಳ ವಾರ್ಡಿನಲ್ಲಿ ದಾದಿಯಾಗಿ ದುಡಿದ ಅಭ್ಯಾಸಬಲದಿಂದ, "ಮಗುವಿಗೆ ಯಾವುದಾದರೂ ಔಷಧ ಕೊಡುತ್ತಿದ್ದೀರಾ?" ಎಂದು ಕೇಳಿದೆ. "ಉಬ್ಬಸಕ್ಕೆ ಕೊಟ್ಟಿದ್ದಾರೆ ಸಿಸ್ಟರ್, ಅದು ಬೇರೆ ವಿಷಯ" ಎಂದರು. ಎಷ್ಟು ದಿನವಾಯಿತು ಎಂದು ಕೇಳಿದಾಗ ಲೆಕ್ಕ ಹಾಕಿ ಹೇಳಿದರು: "ನಾಲ್ಕು ವಾರ."

ಅದು ಬೇರೆ ವಿಷಯವಾಗಿರಲಿಲ್ಲ. ಆ ತಾಯಿಗೆ ಅಂದು ಹೇಳಿದ್ದನ್ನು, ಸ್ವಲ್ಪ ವಿಸ್ತರಿಸಿ, ಈ ಪುಟದ ಮೂಲಕ ಎಲ್ಲ ತಂದೆತಾಯಿಯರಿಗೂ ಹೇಳಬಯಸುತ್ತೇನೆ.

ಉಬ್ಬಸ ಇಂದು ಅಪರೂಪದ ರೋಗವಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಪರಿಶೀಲಿಸಿ ಕೊಟ್ಟ ಲೆಕ್ಕದಲ್ಲಿ, ಉಬ್ಬಸವಿರುವ ಮಕ್ಕಳ ಪ್ರಮಾಣ ಶೇಕಡ 9ರಿಂದ ಶೇಕಡ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇದು ಇಡೀ ನಗರದ ಲೆಕ್ಕವಲ್ಲ, ನಿಜ. ಆದರೂ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇಂಥ ಮಕ್ಕಳಿರುವ ಹತ್ತಾರು ಮನೆಗಳಿವೆ ಎಂಬುದರಲ್ಲಿ ಅನುಮಾನವಿಲ್ಲ. ಅನೇಕರು ಆ ಹೆಸರನ್ನೇ ಎತ್ತುವುದಿಲ್ಲ. "ಅಲರ್ಜಿ ಕೆಮ್ಮು", "ಕಫ ಕಟ್ಟಿದೆ", "ಚಳಿಗಾಲಕ್ಕೆ ಸ್ವಲ್ಪ ದಮ್ಮು" ಎಂದು ಹೇಳಿಕೊಳ್ಳುತ್ತಾರೆ. ಹೆಸರು ಏನೇ ಇರಲಿ, ಕೊಡುವ ಔಷಧಗಳು ಮಾತ್ರ ಅವೇ.

ಕೈ ನಡುಗಿಸುವ ಔಷಧ

ಮೊದಲನೆಯದು ಸಾಲ್ಬುಟಮಾಲ್. 1969ರಲ್ಲಿ ಬಳಕೆಗೆ ಬಂದ ಈ ಔಷಧ ಬಿಗಿದುಕೊಂಡ ಶ್ವಾಸನಾಳಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಇದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಶ್ವಾಸಕೋಶದಲ್ಲಿ ಕೆಲಸ ಮಾಡುವ ಔಷಧ ರಕ್ತಕ್ಕೂ ಸೇರಿದಾಗ ಎದೆಬಡಿತ ಹೆಚ್ಚುತ್ತದೆ, ಬೆರಳುಗಳು ನಡುಗುತ್ತವೆ, ಮಗುವಿಗೆ ಒಂದು ಕಡೆ ಕುಳಿತುಕೊಳ್ಳಲಾಗುವುದಿಲ್ಲ. ಓಡುತ್ತದೆ, ಹತ್ತುತ್ತದೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ನಾಲ್ಕಾರು ಗಂಟೆಗಳಲ್ಲಿ ಔಷಧದ ಪ್ರಭಾವ ಇಳಿದಂತೆ ಮಗುವೂ ಶಾಂತವಾಗುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. ಇನ್‌ಹೇಲರ್‌ನ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ ಇರುವುದು 100 ಮೈಕ್ರೋಗ್ರಾಂ ಸಾಲ್ಬುಟಮಾಲ್. ಅದೇ ಔಷಧದ ಸಿರಪ್ ಒಂದು ಚಮಚದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಸಾಮಾನ್ಯವಾಗಿ ಇರುವುದು 2 ಮಿಲಿಗ್ರಾಂ. ಅದು 2,000 ಮೈಕ್ರೋಗ್ರಾಂ ಆಯಿತು. ಒಂದು ಚಮಚ ಸಿರಪ್ ಇಪ್ಪತ್ತು ಪಫ್‌ಗಳಿಗೆ ಸಮ! ಪಫ್‌ನ ಔಷಧ ನೇರವಾಗಿ ಬೇಕಾದ ಜಾಗಕ್ಕೆ ಹೋಗುತ್ತದೆ. ಸಿರಪ್ ಹೊಟ್ಟೆಗಿಳಿದು ರಕ್ತ ಸೇರಿ ಮೈಯೆಲ್ಲ ಸುತ್ತಿ ಬಂದು ಅದರ ಸ್ವಲ್ಪ ಭಾಗ ಮಾತ್ರ ಶ್ವಾಸಕೋಶಕ್ಕೆ ತಲುಪುತ್ತದೆ. ಆದರೂ ನಮ್ಮ ಜನರಿಗೆ ಸಿರಪ್ ಅಂದರೆ ಸೌಮ್ಯ, ಇನ್‌ಹೇಲರ್ ಅಂದರೆ ಭಯಂಕರ. "ಪಫ್ ಹಾಕಿದರೆ ಅಭ್ಯಾಸವಾಗಿಬಿಡುತ್ತದೆ" ಎಂಬ ಮಾತನ್ನು ನಾನು ಎಷ್ಟು ಸಾವಿರ ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಚಟ ಹಿಡಿಸುವ ಗುಣ ಅದರಲ್ಲಿಲ್ಲ. ಈ ತಪ್ಪು ತಿಳುವಳಿಕೆಯಿಂದಾಗಿಯೇ ಮಕ್ಕಳಿಗೆ ಅಗತ್ಯಕ್ಕಿಂತ ಹೆಚ್ಚು ಔಷಧ ಹೋಗುತ್ತಿದೆ.

ಇದಕ್ಕಿಂತ ಕೆಟ್ಟದ್ದೆಂದರೆ ಎರಡು ಬಾಟಲಿಗಳಲ್ಲಿ ಒಂದೇ ಔಷಧ. ಒಂದನ್ನು ಡಾಕ್ಟರ್ ಬರೆದಿರುತ್ತಾರೆ, ಇನ್ನೊಂದನ್ನು ಔಷಧ ಅಂಗಡಿಯಲ್ಲಿ "ಕೆಮ್ಮಿಗೆ ಏನಾದರೂ ಕೊಡಿ" ಎಂದು ಕೇಳಿ ತಂದಿರುತ್ತೀರಿ. ಬಣ್ಣ ಬೇರೆ, ಹೆಸರು ಬೇರೆ. ಬಾಟಲಿಯ ಬೆನ್ನಿನ ಸಣ್ಣ ಅಕ್ಷರಗಳನ್ನು ಓದಿದರೆ ಎರಡರಲ್ಲೂ ಸಾಲ್ಬುಟಮಾಲ್, ಲಿವೋಸಾಲ್ಬುಟಮಾಲ್ ಅಥವಾ ಟರ್ಬ್ಯುಟಲಿನ್ ಇರುತ್ತದೆ. ಇವು ಮೂರೂ ಒಂದೇ ಮನೆತನದವು. ಜೊತೆಗೆ ನೆಗಡಿಯ ಸಿರಪ್ ಕೂಡ ಸೇರಿತೋ, ಅದರಲ್ಲಿರುವ ಕ್ಲೋರ್‌ಫೆನಿರಮಿನ್ ಹೆಚ್ಚಿನ ಮಕ್ಕಳನ್ನು ತೂಕಡಿಸುವಂತೆ ಮಾಡಿದರೆ ಕೆಲವು ಮಕ್ಕಳನ್ನು ತದ್ವಿರುದ್ಧವಾಗಿ ಕೆರಳಿಸುತ್ತದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆಯೇ ಮುದ್ರಿಸಬೇಕು ಎಂದು 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದರು.

ಹಿಂದಿನ ಕಾಲದ ಥಿಯೋಫಿಲಿನ್ ಬಗ್ಗೆ ಎರಡೇ ಮಾತು. ಕಾಫಿಯಲ್ಲಿರುವ ಕೆಫೀನ್‌ಗೆ ಇದು ಹತ್ತಿರದ ಸಂಬಂಧಿ. ಆದ್ದರಿಂದ ನಿದ್ದೆಗೇಡು, ಹೊಟ್ಟೆ ತೊಳಸು, ಚಡಪಡಿಕೆ ಎಲ್ಲವೂ ಸಹಜವೇ. ಇದರಿಂದ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆ ಎಂಬ ಭಯ ಒಂದು ಕಾಲದಲ್ಲಿ ದೊಡ್ಡದಾಗಿತ್ತು. 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ಆ ಭಯಕ್ಕೆ ಆಧಾರ ಕಾಣಲಿಲ್ಲ. ಈಗ ಮಕ್ಕಳಿಗೆ ಇದನ್ನು ಬರೆಯುವುದು ಕಡಿಮೆ. ಇನ್ನೂ ಕೊಡುತ್ತಿದ್ದರೆ, ಎರಿತ್ರೊಮೈಸಿನ್‌ನಂಥ ಔಷಧ ಜೊತೆಗೂಡಿದಾಗ ರಕ್ತದಲ್ಲಿ ಇದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದೆಂಬುದನ್ನು ನೆನಪಿಡಿ.

ಐದು ದಿನದ ಸ್ಟಿರಾಯ್ಡ್

ಉಬ್ಬಸ ಜೋರಾದಾಗ ಡಾಕ್ಟರರು ಮೂರರಿಂದ ಐದು ದಿನ ಪ್ರೆಡ್ನಿಸೊಲೊನ್ ಕೊಡುತ್ತಾರೆ. ಆ ದಿನಗಳಲ್ಲಿ ಮಗು ವಿಪರೀತ ಹಸಿವೆಂದು ಅಳಬಹುದು, ಕಾರಣವಿಲ್ಲದೆ ನಗಬಹುದು, ಮರುಗಳಿಗೆಯಲ್ಲಿ ತಟ್ಟೆ ಎಸೆಯಬಹುದು. ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚದಿರಬಹುದು. ನಮ್ಮ ಶರೀರವೇ ಕಾರ್ಟಿಸಾಲ್ ಎಂಬ ಇಂಥದೇ ಒಂದು ರಸವನ್ನು ಸುರಿಸುತ್ತದೆ. ಅದು ಬೆಳಗಿನ ಹೊತ್ತು ಹೆಚ್ಚು, ರಾತ್ರಿ ಕಡಿಮೆ. ದಿನಕ್ಕೊಮ್ಮೆ ಕೊಡುವ ಸ್ಟಿರಾಯ್ಡನ್ನು ಬೆಳಗಿನ ತಿಂಡಿಯ ನಂತರ ಕೊಡಿ ಎನ್ನುವುದು ಈ ಕಾರಣಕ್ಕೆ. ಸಂಜೆ ಕೊಟ್ಟರೆ ಮಗುವಿನ ನಿದ್ದೆಯೂ ಹೋಯಿತು, ಮನೆಮಂದಿಯ ನಿದ್ದೆಯೂ ಹೋಯಿತು. ಔಷಧ ಮುಗಿದ ಕೆಲವು ದಿನಗಳಲ್ಲಿ ಈ ಸ್ವಭಾವ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ವಾರಗಟ್ಟಲೆ ಕೊಟ್ಟ ಸ್ಟಿರಾಯ್ಡನ್ನು ಮಾತ್ರ ಥಟ್ಟನೆ ನಿಲ್ಲಿಸಬಾರದು, ಡಾಕ್ಟರರು ಹೇಳಿದಂತೆ ಇಳಿಸುತ್ತಾ ಬರಬೇಕು.

ಸೇದುವ ಸ್ಟಿರಾಯ್ಡ್, ಅಂದರೆ ಬುಡೆಸೊನೈಡ್ ಮುಂತಾದವುಗಳ ಇನ್‌ಹೇಲರ್, ಬೇರೆಯೇ ಮಾತು. ಅದರ ಪ್ರಮಾಣ ಅತ್ಯಲ್ಪ. ಅದರಿಂದಲೂ ಅಪರೂಪಕ್ಕೆ ಮಗುವಿನ ವರ್ತನೆ ಬದಲಾಗಬಹುದು. ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದೆಂದು ದೀರ್ಘಕಾಲದ ಅಧ್ಯಯನಗಳು ಹೇಳಿವೆ. ಆದರೆ ಉಬ್ಬಸದ ಆಘಾತವನ್ನು ದಿನದಿನವೂ ತಡೆಯುವ ಕಾವಲುಗಾರ ಅದೇ. ಕುಗ್ಗುವ ಒಂದು ಸೆಂಟಿಮೀಟರಿಗೆ ಹೆದರಿ ಉಸಿರನ್ನೇ ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ.

ರಾತ್ರಿಯ ಜಗಿಯುವ ಮಾತ್ರೆ

ಆ ಹುಡುಗನಿಗೆ ಕೊಡುತ್ತಿದ್ದುದು ಮಾಂಟೆಲುಕಾಸ್ಟ್. ಸಿಹಿಯಾದ ಪುಟ್ಟ ಮಾತ್ರೆ. ಮಕ್ಕಳು ತಾವಾಗಿಯೇ ಕೇಳಿ ತಿನ್ನುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಇನ್‌ಹೇಲರ್‌ನ ರಗಳೆ ಇಲ್ಲದ್ದರಿಂದ ಎಲ್ಲರಿಗೂ ಇಷ್ಟವಾಯಿತು. ನಮ್ಮ ದೇಶದಲ್ಲಂತೂ ಲಿವೋಸಿಟ್ರಿಜಿನ್ ಜೊತೆ ಬೆರೆಸಿ ಸಾಮಾನ್ಯ ನೆಗಡಿಗೂ ಕೊಡುವುದು ವಾಡಿಕೆಯಾಗಿಬಿಟ್ಟಿದೆ.

ಹತ್ತು ವರ್ಷಗಳಾಗುವಷ್ಟರಲ್ಲಿ ತಾಯಂದಿರಿಂದ, ವೈದ್ಯರಿಂದ ದೂರುಗಳು ಬರತೊಡಗಿದವು. ದುಃಸ್ವಪ್ನ, ನಿದ್ದೆಯಲ್ಲಿ ನಡೆಯುವುದು, ಸಿಟ್ಟು, ಹೊಡೆಯುವುದು, ಕಾರಣವಿಲ್ಲದ ಭಯ, ಖಿನ್ನತೆ, ದೊಡ್ಡ ಮಕ್ಕಳಲ್ಲಿ ಮತ್ತು ವಯಸ್ಕರಲ್ಲಿ ಸಾಯುವ ಯೋಚನೆ ಕೂಡ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಸೇರಿಸಿತು. 2020ರ ಮಾರ್ಚ್ 4ರಂದು ಅದನ್ನು ಚೌಕಟ್ಟಿನೊಳಗೆ ಮುದ್ರಿಸುವ ಅತ್ಯಂತ ಬಿಗಿಯಾದ ಎಚ್ಚರಿಕೆಯನ್ನಾಗಿ ಮಾಡಿತು. ಮೂಗಿನ ಅಲರ್ಜಿ ಮಾತ್ರ ಇರುವವರಿಗೆ ಬೇರೆ ಔಷಧಗಳು ಫಲಿಸದಿದ್ದರೆ ಅಥವಾ ಒಗ್ಗದಿದ್ದರೆ ಮಾತ್ರ ಇದನ್ನು ಕೊಡಿ ಎಂದೂ ಹೇಳಿತು.

ಗಾಬರಿಯಾಗಬೇಡಿ. ಈ ಮಾತ್ರೆ ತಿನ್ನುವ ಬಹುಪಾಲು ಮಕ್ಕಳಿಗೆ ಇಂಥದ್ದೇನೂ ಆಗುವುದಿಲ್ಲ. ಬಹಳ ಮಕ್ಕಳನ್ನು ಒಟ್ಟಾಗಿ ಹೋಲಿಸಿ ನೋಡಿದ ಅಧ್ಯಯನಗಳ ಉತ್ತರವೂ ಒಂದೇ ರೀತಿ ಇಲ್ಲ. ಕೆಲವು ಅಪಾಯ ಹೆಚ್ಚೆಂದವು, ಕೆಲವು ಇಲ್ಲವೆಂದವು. ಆದರೆ ನಿಮ್ಮ ಮಗು ಒಟ್ಟು ಲೆಕ್ಕದಲ್ಲಿ ಒಂದು ಅಂಕಿಯಲ್ಲ. ಮಾತ್ರೆ ಶುರುವಾದ ಮೇಲೆ ಸ್ವಭಾವ ಬದಲಾಯಿತು, ನಿಲ್ಲಿಸಿದ ಮೇಲೆ ಸರಿಯಾಯಿತು, ಮತ್ತೆ ಶುರು ಮಾಡಿದಾಗ ಮತ್ತೆ ಕೆಟ್ಟಿತು ಎಂದು ಹೇಳಿದ ತಂದೆತಾಯಿಯರು ಜಗತ್ತಿನ ಅನೇಕ ಕಡೆ ಇದ್ದಾರೆ. ಕೆಲವರಲ್ಲಿ ಮಾತ್ರೆ ನಿಲ್ಲಿಸಿದ ನಂತರವೂ ಸ್ವಲ್ಪ ಕಾಲ ತೊಂದರೆ ಮುಂದುವರಿದದ್ದುಂಟು. ಹೀಗಾಗಿ ಡಾಕ್ಟರರು ಇದನ್ನು ಬರೆದಾಗ, "ಇದರಿಂದ ನಡತೆಯಲ್ಲಿ ಏನಾದರೂ ವ್ಯತ್ಯಾಸವಾಗಬಹುದೇ? ಆದರೆ ಏನು ಮಾಡಲಿ?" ಎಂದು ಸಂಕೋಚವಿಲ್ಲದೆ ಕೇಳಿ. ಕೇಳಿದರೆ ಡಾಕ್ಟರರಿಗೆ ಕೋಪ ಬರುತ್ತದೆ ಎಂದು ಸುಮ್ಮನಿರುವವರೇ ನಮ್ಮಲ್ಲಿ ಹೆಚ್ಚು.

ಎರಡು ತಪ್ಪುಗಳು

ಇಷ್ಟನ್ನು ಓದಿ ಯಾರಾದರೂ ಇಂದೇ ಮಗುವಿನ ಔಷಧಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದರೆ ಈ ಲೇಖನ ಬರೆದದ್ದು ನನ್ನ ದೊಡ್ಡ ಪ್ರಮಾದವಾಗುತ್ತದೆ. ವಾರ್ಡಿನಲ್ಲಿ ನಾನು ಕಂಡ ಅತ್ಯಂತ ಕಷ್ಟದ ರಾತ್ರಿಗಳು ಔಷಧ ಕೊಟ್ಟದ್ದರಿಂದ ಬಂದವಲ್ಲ, ಮನೆಯವರು ತಾವಾಗಿಯೇ ನಿಲ್ಲಿಸಿದ್ದರಿಂದ ಬಂದವು. "ಚೆನ್ನಾಗಿದ್ದನಲ್ಲ ಸಿಸ್ಟರ್, ಯಾಕೆ ಸುಮ್ಮನೆ ಅಂತ ಬಿಟ್ಟೆವು" ಎನ್ನುತ್ತಾರೆ. ಸಂದೇಹ ಬಂದ ದಿನವೇ ಡಾಕ್ಟರರಿಗೆ ಫೋನ್ ಮಾಡಿ ಅಥವಾ ಹೋಗಿ ಕಾಣಿ. ಯಾವುದನ್ನು ನಿಲ್ಲಿಸಬಹುದು, ಅದರ ಬದಲು ಏನು ಎಂದು ಅವರು ಹೇಳಲಿ. ಬದಲಿ ಖಂಡಿತವಾಗಿಯೂ ಇದೆ. ಸಿರಪ್ ಬದಲು ಸ್ಪೇಸರ್ ಜೋಡಿಸಿದ ಪಫ್ ಸಾಧ್ಯ. ಎಳೆಯ ಮಕ್ಕಳಿಗೆ ಅದಕ್ಕೊಂದು ಮುಖವಾಡವೂ ಸಿಗುತ್ತದೆ. ಸ್ಪೇಸರ್ ಇಲ್ಲದ ಕಡೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್‌ಹೇಲರ್ ಕೂರುವಷ್ಟು ತೂತು ಮಾಡಿ ಬಳಸಿದರೂ ಚೆನ್ನಾಗಿ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲಿಯೇ ತೋರಿಸಿಕೊಟ್ಟರು. ಬಡವರ ಮನೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ?

ಎರಡನೆಯ ತಪ್ಪು ಇನ್ನೂ ಅಪಾಯಕರ. ಮಗು ಚಡಪಡಿಸುವುದೆಲ್ಲ ಔಷಧದಿಂದಲೇ ಅಲ್ಲ. ಉಸಿರು ಸಾಲದಿದ್ದಾಗಲೂ ಮಗು ಚಡಪಡಿಸುತ್ತದೆ, ಅಳುತ್ತದೆ, ಎತ್ತಿಕೊಳ್ಳಲು ಬಂದವರನ್ನು ತಳ್ಳುತ್ತದೆ. ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ, ಮಾತು ತುಂಡುತುಂಡಾಗಿ ಬರುತ್ತಿದ್ದರೆ, ಹಾಲು ಕುಡಿಯಲಾಗದಿದ್ದರೆ, ತುಟಿ ನೀಲಿಯಾಗುತ್ತಿದ್ದರೆ ಅದು ಅಡ್ಡಪರಿಣಾಮವಲ್ಲ. ಡಾಕ್ಟರರು ಹೇಳಿಕೊಟ್ಟಂತೆ ಪಫ್ ಕೊಡುತ್ತಲೇ ಆಸ್ಪತ್ರೆಗೆ ಓಡಿ. ಹಾಗೆಯೇ ರಾತ್ರಿಯೆಲ್ಲ ಕೆಮ್ಮಿ ನಿದ್ದೆಗೆಟ್ಟ ಮಗು ಹಗಲು ಸಿಡುಕುವುದೂ ಸಹಜ. ಅಲ್ಲಿ ಔಷಧ ಹೆಚ್ಚಾಗಿಲ್ಲ, ಸಾಲದೇ ಹೋಗಿದೆ.

ಇದು ಅದೋ, ಅದು ಇದೋ ಎಂದು ತಿಳಿಯುವುದು ಹೇಗೆ? ಎರಡು ರೂಪಾಯಿಯ ಪೆನ್ನಿನಿಂದ. ಹಳೆಯ ನೋಟ್‌ಬುಕ್ ಒಂದರಲ್ಲಿ ಪ್ರತಿದಿನ ಬರೆಯಿರಿ: ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ, ರಾತ್ರಿ ಕೆಮ್ಮು ಇತ್ತೇ, ನಿದ್ದೆ ಹೇಗಿತ್ತು, ನಡತೆ ಹೇಗಿತ್ತು. ಔಷಧ ಕೊಟ್ಟ ಅರ್ಧ ಗಂಟೆಯಲ್ಲಿ ಶುರುವಾಗಿ ಸಂಜೆಗೆ ಇಳಿಯುವ ಗಲಾಟೆ ಒಂದು ಬಗೆ, ಹೊಸ ಮಾತ್ರೆ ಬಂದ ವಾರದಿಂದ ದಿನೇ ದಿನೇ ಹೆಚ್ಚುವ ಗಲಾಟೆ ಇನ್ನೊಂದು ಬಗೆ, ಕೆಮ್ಮಿದ ರಾತ್ರಿಯ ಮರುದಿನ ಮಾತ್ರ ಕಾಣುವ ಗಲಾಟೆ ಮತ್ತೊಂದು ಬಗೆ. ಎರಡು ವಾರದ ಬರಹವನ್ನು ಡಾಕ್ಟರರ ಮುಂದಿಟ್ಟರೆ ಅವರ ಕೆಲಸ ಅರ್ಧ ಮುಗಿದಂತೆ. ಹೋಗುವಾಗ ಎಲ್ಲ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಊರಿನ ಪಂಡಿತರು ಕೊಟ್ಟ ಪುಡಿಯನ್ನೂ ಬಚ್ಚಿಡಬೇಡಿ, ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಔಷಧದ ಅಡ್ಡಪರಿಣಾಮವನ್ನು ತಿಳಿಸಲು 2010ರಲ್ಲಿ ಆರಂಭವಾದ ಭಾರತೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ದೂರವಾಣಿಯೂ ಇದೆ: 1800-180-3024. ಅಲ್ಲಿಗೆ ವೈದ್ಯರೇ ತಿಳಿಸಬೇಕೆಂದಿಲ್ಲ, ತಾಯಿಯೂ ತಿಳಿಸಬಹುದು.

ಕೋಲು ಮತ್ತು ಪಾಪ

ಆ ಹುಡುಗನ ಕಾಲಿನ ಗುರುತು ನನ್ನ ಕಣ್ಣಿಂದ ಹೋಗಲಿಲ್ಲ. ತಂದೆ ಕೆಟ್ಟವರಲ್ಲ. ಮಗ ದಾರಿ ತಪ್ಪಬಾರದೆಂಬ ಆಸೆ ಅವರದು. ಆದರೆ ತಪ್ಪಿಗೂ ಪಾಪಕ್ಕೂ ಸ್ವಇಚ್ಛೆ ಬೇಕು. ಏಳು ವರ್ಷ ತುಂಬಿದ ಮೇಲೆ ಮಾತ್ರ ಮಗುವಿಗೆ ವಿವೇಚನೆ ಬಂದಿದೆಯೆಂದು ಧರ್ಮಸಭೆಯ ಕಾನೂನು ಸಂಹಿತೆಯ 97ನೆಯ ವಿಧಿ ಭಾವಿಸುತ್ತದೆ. ದೊಡ್ಡವರ ವಿಷಯದಲ್ಲೂ, ಮನಸ್ಸಿನ ಮೇಲಿನ ಒತ್ತಡಗಳಿಂದ ಒಬ್ಬನ ಹೊಣೆ ಕಡಿಮೆಯಾಗಬಹುದು, ಇಲ್ಲದೆಯೂ ಹೋಗಬಹುದು ಎಂದು ಕಥೋಲಿಕ ಧರ್ಮೋಪದೇಶದ 1735ನೆಯ ಪರಿಚ್ಛೇದ ಕಲಿಸುತ್ತದೆ. ಹಾಗಿರುವಾಗ ನಡುರಾತ್ರಿ ಅರೆನಿದ್ದೆಯಲ್ಲಿ ಕಿರಿಚುವ ಐದು ವರ್ಷದ ಮಗುವನ್ನು ಯಾವ ಪಾಪಕ್ಕೆ ದಂಡಿಸುವುದು? ತಂಗಿಯನ್ನು ಕಚ್ಚಲು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬಿಡಿಸಿ, ಎತ್ತಿಕೊಳ್ಳಿ, "ಕಚ್ಚಬಾರದು" ಎಂದು ಹೇಳಿ. ಕೋಲು ಬೇಡ, "ಸೈತಾನ" ಎಂಬ ಹೆಸರಂತೂ ಬೇಡವೇ ಬೇಡ.

ಪ್ರಾರ್ಥನೆಯೋ ಔಷಧವೋ ಎಂದು ಕೇಳುವವರಿಗೆ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ತೆರೆದು ಓದಲು ಹೇಳುತ್ತೇನೆ. ರೋಗ ಬಂದಾಗ ದೇವರನ್ನೂ ಮೊರೆಯಿಡು, ವೈದ್ಯನಿಗೂ ಸ್ಥಳ ಬಿಡು ಎಂಬುದೇ ಅಲ್ಲಿನ ಬೋಧನೆಯ ತಿರುಳು. ಉಬ್ಬಸದ ಮಗುವಿರುವ ಮನೆಯಲ್ಲಿ ಜಪಸರದ ಹೊತ್ತಿಗೆ ಸಾಂಬ್ರಾಣಿ, ಊದುಬತ್ತಿ ಹಚ್ಚದಿರುವುದೂ ಭಕ್ತಿಯೇ.

ಲೂರ್ದಿನ ಸಂತ ಬೆರ್ನದೆತ್ತಳೂ ಬಾಲ್ಯದಿಂದ ಉಬ್ಬಸದ ರೋಗಿ. 1858ರ ಫೆಬ್ರವರಿ 11ರಂದು ಸೌದೆ ಆಯಲು ಹೋದಾಗ ತಂಗಿಯೂ ಗೆಳತಿಯೂ ತಣ್ಣನೆಯ ನೀರು ದಾಟಿ ಮುಂದೆ ಹೋದರು. ಶೀತವಾದರೆ ಉಸಿರು ಕಟ್ಟುತ್ತದೆಂಬ ಭಯದಿಂದ ಅವಳು ಈಚೆ ದಡದಲ್ಲೇ ಉಳಿದಳು. ಮಾತೆಯ ದರ್ಶನವಾದದ್ದು ಹಾಗೆ ಹಿಂದುಳಿದ ಹುಡುಗಿಗೆ. 1993ರಿಂದ ಅದೇ ದಿನವನ್ನು ವಿಶ್ವ ರೋಗಿಗಳ ದಿನವಾಗಿ ಆಚರಿಸುತ್ತಿದ್ದೇವೆ. ನಿಮ್ಮ ಮಗುವಿಗೆ ಈ ಕಥೆ ಹೇಳಿ. ಓಡಲಾರದ, ಆಟದಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತದೆ.

ಇನ್ನು ಆ ಹುಡುಗನ ವಿಷಯ. ಸೋಮವಾರವೇ ತಾಯಿ ಮಾತ್ರೆ, ಬಾಟಲಿಗಳೊಂದಿಗೆ ಡಾಕ್ಟರರ ಬಳಿ ಹೋದರು. ಅವರು ಗಮನವಿಟ್ಟು ಕೇಳಿ, ಜಗಿಯುವ ಮಾತ್ರೆಯನ್ನು ನಿಲ್ಲಿಸಿ, ಸ್ಪೇಸರ್ ಜೊತೆ ಸೇದುವ ಔಷಧವನ್ನು ಬರೆದರು. ರಾತ್ರಿಯ ಕಿರಿಚಾಟ ಒಂದು ವಾರದೊಳಗೆ ನಿಂತಿತು. ಕಚ್ಚುವುದು ನಿಲ್ಲಲು ಒಂದು ತಿಂಗಳು ಹಿಡಿಯಿತು. ತಂಗಿಗೆ ಅಣ್ಣನ ಭಯ ಹೋಗಲು ಇನ್ನೂ ಹೆಚ್ಚು ದಿನ ಬೇಕಾಯಿತು. ತಂದೆ ಒಂದು ಸಂಜೆ ನನ್ನಲ್ಲಿಗೆ ಬಂದು, "ಇಷ್ಟು ಚಿಕ್ಕವನ ಹತ್ತಿರ ಕ್ಷಮೆ ಕೇಳುವುದು ಹೇಗೆ ಸಿಸ್ಟರ್?" ಎಂದರು. ಕೇಳಿಬಿಡಿ, ಅವನಿಗೆ ಅರ್ಥವಾಗುತ್ತದೆ ಎಂದೆ. ಕೇಳಿದರಂತೆ.

ಔಷಧ ಈಗಲೂ ನಡೆಯುತ್ತಿದೆ, ತಾಯಿ ನೋಟ್‌ಬುಕ್ ಬರೆಯುವುದನ್ನೂ ಬಿಟ್ಟಿಲ್ಲ. ಕಳೆದ ತಿಂಗಳು ತಂದು ತೋರಿಸಿದರು. ಕೊನೆಯ ಪುಟದಲ್ಲಿ ಹೀಗಿತ್ತು: "ರಾತ್ರಿ ಕೆಮ್ಮು ಇಲ್ಲ. ನಿದ್ದೆ ಚೆನ್ನಾಗಿ ಮಾಡಿದ. ಬೆಳಿಗ್ಗೆ ಎರಡು ಪಫ್, ಬಾಯಿ ತೊಳೆಸಿದೆ. ತಂಗಿಯ ಬಿಸ್ಕತ್ತು ಕಿತ್ತುಕೊಂಡು ಓಡಿದ. ಇದು ಔಷಧದ್ದಲ್ಲ."